ಕಾಸರಗೋಡಿನ ಹವೆಗೆ, ಹೊಸಬರ ಕೈಗೆ: ಚಿಕ್ಕ ಫಿಲ್ಮ್ ಎಸ್‌ಎಲ್‌ಆರ್ ಆರಿಸುವುದು ಹೇಗೆ?

ಪೆಂಟಾಕ್ಸ್ ಕೊಳ್ಳಲೋ ನಿಕಾನ್ ಕೊಳ್ಳಲೋ, ಒಲಿಂಪಸ್ ಪುಟ್ಟದಾಗಿ ಚೆಂದ ಇದೆಯಂತಲ್ಲ, ಅದನ್ನೇ ನೋಡಲೋ? ನಮ್ಮ ಕಡೆ ಈಚೆಗೆ ಈ ಪ್ರಶ್ನೆ ಹಿಡಿದು ಬರುವವರು ಹೆಚ್ಚಾಗಿದ್ದಾರೆ. ಕೇಳುವುದು ಎಸ್‌ಎಲ್‌ಆರ್ ಬಗ್ಗೆ, ಅಂದರೆ ಒಳಗಿನ ಕನ್ನಡಿಯ ಸಹಾಯದಿಂದ ಲೆನ್ಸಿನ ಮೂಲಕವೇ ನೋಡಿ ತೆಗೆಯುವ, ಲೆನ್ಸು ಬದಲಿಸಬಹುದಾದ ಕ್ಯಾಮರಾದ ಬಗ್ಗೆ. ಅವರಲ್ಲಿ ಮೂರು ಬಗೆ. ಮೊಬೈಲಿನಲ್ಲಿ ಸಾವಿರಾರು ಚಿತ್ರ ತೆಗೆದು, ಒಂದನ್ನೂ ತಿರುಗಿ ನೋಡಲಿಲ್ಲವೆಂದು ಬೇಸತ್ತು, ಮೂವತ್ತಾರು ಚಿತ್ರದ ರೋಲಿನಲ್ಲಿ ಯೋಚಿಸಿ ತೆಗೆಯಲು ಹೊರಟ ಕಾಲೇಜಿನ ಮಕ್ಕಳು. ಆಟ (ಯಕ್ಷಗಾನ), ಭೂತಕೋಲ, ತೆಯ್ಯಂಗಳನ್ನು ಕಪ್ಪುಬಿಳುಪಿನಲ್ಲಿ ಹಿಡಿಯುವ ಆಸೆಯ ಹವ್ಯಾಸಿಗಳು. ಮನೆಯಲ್ಲಿ ಅದರದೇ ಡಿಜಿಟಲ್ ರೂಪವಾದ ಡಿಎಸ್‌ಎಲ್‌ಆರ್ ಇದ್ದೂ ಫಿಲ್ಮಿನ ಬಣ್ಣ ಬೇಕೆನ್ನುವವರು. ಮೂವರಿಗೂ ಒಂದೇ ಹೆಸರು ಹೇಳಿ ಕಳಿಸಿದರೆ ಇಬ್ಬರ ದುಡ್ಡು ಹಾಳು.

ಹೊರಗೆ ಸಿಗುವ ಹೋಲಿಕೆಗಳಲ್ಲಿ ಹೆಚ್ಚಿನವು ಒಣಹವೆಯ ಊರುಗಳಲ್ಲಿ ಕುಳಿತು ಬರೆದವು. ಅಲ್ಲಿ ಮೊದಲು ಬರುವುದು ಕಂಪನಿಯ ಹೆಸರು, ಆಮೇಲೆ ಶಟರಿನ ವೇಗ, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಪರದೆ ಎಷ್ಟು ಬೇಗ ತೆರೆದು ಮುಚ್ಚುತ್ತದೆ ಎನ್ನುವುದು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಾಗಳಲ್ಲಿ ಬದುಕುವ ನಾವು ಲೆಕ್ಕವನ್ನು ಬೇರೆ ಕಡೆಯಿಂದ ಶುರು ಮಾಡಬೇಕು. ಮೊದಲು ಹವೆ, ಎರಡನೆಯದು ಬೆಳಕು, ಮೂರನೆಯದು ಬ್ಯಾಟರಿ ಮತ್ತು ಲೆನ್ಸು. ಕ್ಯಾಮರಾದ ಹೆಸರು ಇವೆಲ್ಲ ಮುಗಿದ ಮೇಲೆ ಬರಲಿ.

ಹವೆ

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಲೆನ್ಸಿಗೂ ಹಿಡಿಯುತ್ತದೆ, ಅದನ್ನೇ ಫಂಗಸ್ ಅನ್ನುವುದು. ಗಾಜಿನ ಮೇಲೆ ಜೇಡರ ಬಲೆಯ ಎಳೆಗಳ ಹಾಗೆ ಹಬ್ಬುತ್ತದೆ. ಹೊಸದಾಗಿದ್ದರೆ ಬಿಚ್ಚಿ ಒರೆಸಿ ತೆಗೆಯಬಹುದು. ಹಳತಾದರೆ ಗಾಜಿನ ಮೇಲಿನ ಲೇಪವನ್ನೇ ತಿಂದುಬಿಟ್ಟಿರುತ್ತದೆ, ಒರೆಸಿದರೂ ಗುರುತು ಉಳಿಯುತ್ತದೆ. ಬಿಸಿಲಿಗೆ ಎದುರಾಗಿ ತೆಗೆದ ಚಿತ್ರ ಮಂಕಾಗುವುದು ಇದರಿಂದ. ಆದ್ದರಿಂದ ಯಾವ ಮಾಡೆಲ್ ಎಂದು ಕೇಳುವ ಮೊದಲು ಆ ಒಂದು ಕ್ಯಾಮರಾ ಇಷ್ಟು ವರ್ಷ ಎಲ್ಲಿ ಕುಳಿತಿತ್ತು ಎಂದು ಕೇಳಿ. ಗೋದ್ರೆಜ್ ಕಪಾಟಿನಲ್ಲಿ ಚರ್ಮದ ಕವಚದೊಳಗೆ ಇಪ್ಪತ್ತು ಮಳೆಗಾಲ ಕಳೆದ ಒಳ್ಳೆಯ ಕ್ಯಾಮರಾಕ್ಕಿಂತ, ಒಣ ಊರಿನಿಂದ ಬಂದ ಸಾಧಾರಣ ಕ್ಯಾಮರಾ ಮೇಲು.

ಶಟರಿನ ಪರದೆಯಲ್ಲೂ ಎರಡು ಜಾತಿ ಇದೆ. ಒಂದರಲ್ಲಿ ರಬ್ಬರು ಲೇಪಿಸಿದ ಬಟ್ಟೆಯ ಪರದೆ ಅಡ್ಡಕ್ಕೆ ಓಡುತ್ತದೆ. ಒಲಿಂಪಸ್ ಒಎಂ-1, ಒಎಂ-10, ಪೆಂಟಾಕ್ಸ್ ಎಂಎಕ್ಸ್, ಕೆ1000, ಕ್ಯಾನನ್ ಎಇ-1, ಮಿನೋಲ್ಟಾ ಎಕ್ಸ್-700 ಇವೆಲ್ಲ ಬಟ್ಟೆಯವು. ಇನ್ನೊಂದರಲ್ಲಿ ಲೋಹದ ಪಟ್ಟಿಗಳು ಮೇಲಿಂದ ಕೆಳಕ್ಕೆ ಇಳಿಯುತ್ತವೆ. ನಿಕಾನ್ ಎಫ್‌ಎಂ, ಎಫ್‌ಇ, ಎಫ್‌ಎಂ10, ಇಎಂ, ಪೆಂಟಾಕ್ಸ್ ಎಂಇ ಸೂಪರ್, ಯಾಶಿಕಾ ಎಫ್‌ಎಕ್ಸ್-3 ಈ ಜಾತಿಯವು. ನೋಡಿಕೊಂಡರೆ ಬಟ್ಟೆಯೂ ಹಲವು ದಶಕ ಬಾಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬಟ್ಟೆಗೆ ಬೂಷ್ಟು ಹಿಡಿಯಬಹುದು, ಸುಕ್ಕು ಬೀಳಬಹುದು. ನಮ್ಮ ಮಳೆಗಾಲಕ್ಕೆ ಲೋಹದ್ದು ನಿಶ್ಚಿಂತೆ. ಎರಡು ಕ್ಯಾಮರಾ ಉಳಿದೆಲ್ಲದರಲ್ಲಿ ಸಮನಾಗಿದ್ದರೆ ನಾನು ಲೋಹದ ಪರದೆಯದನ್ನೇ ಆರಿಸುತ್ತೇನೆ.

ಹಿಂಬಾಗಿಲಿನ ಅಂಚಿನಲ್ಲಿ ಬೆಳಕು ತಡೆಯುವ ಫೋಮ್ ಮಾತ್ರ ಹೆಚ್ಚುಕಡಿಮೆ ಎಲ್ಲ ಹಳೆ ಕ್ಯಾಮರಾಗಳಲ್ಲೂ ಕರಗಿ ಅಂಟಂಟು ಡಾಮರಾಗಿರುತ್ತದೆ. ಅದಕ್ಕೆ ಹೆದರಬೇಡಿ. ಹಳತನ್ನು ಕೆರೆದು ತೆಗೆದು ಹೊಸತು ಅಂಟಿಸುವುದು ಮನೆಯಲ್ಲೇ ಆಗುವ ಕೆಲಸ.

ಬೆಳಕು

ನೀವು ಎಲ್ಲಿ ನಿಂತು ಚಿತ್ರ ತೆಗೆಯುತ್ತೀರಿ ಎನ್ನುವುದರ ಮೇಲೆ ಮುಕ್ಕಾಲು ಪಾಲು ತೀರ್ಮಾನ ನಿಂತಿದೆ. ಬೇಕಲ ಕೋಟೆಯ ಗೋಡೆ, ಕಡಲತೀರ, ಅಂಗಳದಲ್ಲಿ ಒಣಗಲು ಹರಡಿದ ಅಡಿಕೆ, ಅನಂತಪುರದ ಕೆರೆ ಇವಕ್ಕೆಲ್ಲ ಧಾರಾಳ ಬೆಳಕು. ಯಾವ ಕ್ಯಾಮರಾವಾದರೂ ನಡೆಯುತ್ತದೆ. ಅಡಿಕೆ ತೋಟದ ಒಳಗೆ ಕಾಲಿಟ್ಟರೆ ಹಗಲಲ್ಲೂ ನೆರಳು ದಟ್ಟ. 100 ಐಎಸ್‌ಒ ಫಿಲ್ಮ್ ಸಾಲದು, ಬೆಳಕಿಗೆ ಇನ್ನೂ ಚುರುಕಾದ 400 ಹಾಕಬೇಕು. ಬಾಯಾರು, ಪಡ್ರೆ ಕಡೆ ನೀರಿಗಾಗಿ ಗುಡ್ಡ ಕೊರೆದ ಸುರಂಗಗಳ ಬಾಯಿಯಿಂದ ಒಳಗಿನ ನೀರಿನ ಚಿತ್ರ ತೆಗೆಯಬೇಕಾದರೆ ಟ್ರೈಪಾಡ್ ಇಟ್ಟು ‘ಬಿ’ಯಲ್ಲಿ ಶಟರನ್ನು ತೆರೆದು ಹಿಡಿಯಬೇಕು. ಪೂರ್ತಿ ಯಾಂತ್ರಿಕವಾದ ಕ್ಯಾಮರಾ ಆ ಹೊತ್ತಿನಲ್ಲಿ ಬ್ಯಾಟರಿ ತಿನ್ನುವುದಿಲ್ಲ.

ಕಷ್ಟವಿರುವುದು ಆಟ ಮತ್ತು ಕೋಲದಲ್ಲಿ. ರಂಗಸ್ಥಳದ ಮೇಲೆ ಬೆಳಕು, ಸುತ್ತ ಕಡುಗತ್ತಲೆ. ಹಳೆಯ ಕ್ಯಾಮರಾದಲ್ಲಿ ಬೆಳಕು ಅಳೆಯುವ ಮೀಟರು ಚೌಕಟ್ಟಿನ ತುಂಬ ಇರುವ ಕತ್ತಲೆಯನ್ನೂ ಸೇರಿಸಿ ಸರಾಸರಿ ಹಾಕುತ್ತದೆ, ಬೆಳಕು ಸಾಲದೆಂದು ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಬಣ್ಣ ಬರೆದ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ, ಧೀಂಗಿಣ ಹೊಡೆಯುವ, ಅಂದರೆ ಹಾರಿ ಸುತ್ತುವ ಪುಂಡುವೇಷ ಕಲಸಿಹೋಗುತ್ತದೆ. ಇಲ್ಲಿ ಮೀಟರಿನ ಮಾತು ಮೀರಿ ನೀವೇ ವೇಗ ನಿಗದಿ ಮಾಡುವ ಅವಕಾಶ ಬೇಕು. 400ರ ಕಪ್ಪುಬಿಳುಪು ಫಿಲ್ಮನ್ನು 1600 ಎಂದು ಇಟ್ಟುಕೊಂಡು, ಲೆನ್ಸಿನಲ್ಲಿ ಬೆಳಕು ಹೊಗುವ ತೂತನ್ನು (ಅಪರ್ಚರ್) ಎಫ್2ರಷ್ಟು ಅಗಲ ತೆರೆದು, 1/60 ಅಥವಾ 1/125 ವೇಗಕ್ಕೆ ತೆಗೆದು, ತೊಳೆಯುವಾಗ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕಿನ ಇಮ್ಮಡಿ) ಪುಶ್ ಮಾಡಿಸಿದರೆ, ಅಂದರೆ ಹೆಚ್ಚು ಹೊತ್ತು ಡೆವಲಪ್ ಮಾಡಿಸಿದರೆ, ರಂಗಸ್ಥಳದ ಮಟ್ಟಿಗೆ ಕೆಲಸ ಆಗುತ್ತದೆ. ಹಾಗಾಗಿ ಆಟದ ಚಿತ್ರವೇ ನಿಮ್ಮ ಗುರಿಯಾದರೆ, ಪೂರ್ತಿ ಸ್ವಯಂಚಾಲಿತವಾಗಿ ಮಾತ್ರ ನಡೆಯುವ ಕ್ಯಾಮರಾಗಳನ್ನು ಈಗಲೇ ಪಟ್ಟಿಯಿಂದ ತೆಗೆದುಬಿಡಿ.

ಬ್ಯಾಟರಿ, ಲೆನ್ಸು, ಗಾತ್ರ

ಎಲ್‌ಆರ್44 ಗುಂಡಿ ಬ್ಯಾಟರಿ ವಾಚು ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾನನ್ ಎಇ-1ಕ್ಕೆ ಬೇಕಾದ 6 ವೋಲ್ಟಿನ 4ಎಲ್‌ಆರ್44 ಸಣ್ಣ ಪೇಟೆಯಲ್ಲಿ ಹುಡುಕಿಸುತ್ತದೆ. ಹಳೆಯ ಒಎಂ-1 ಕೇಳುವ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ಮಾರಾಟದಲ್ಲೇ ಇಲ್ಲ. ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಬ್ಯಾಟರಿಯಿಂದ ಸುಧಾರಿಸಿಕೊಳ್ಳಬಹುದು. ಆದರೆ ಅದರ ಸ್ಟಿಕ್ಕರ್ ಕಿತ್ತ ಮೇಲೆ ಬಳಸಿದರೂ ಬಳಸದಿದ್ದರೂ ಸ್ವಲ್ಪ ಕಾಲದಲ್ಲಿ ಮುಗಿಯುತ್ತದೆ.

ಲೆನ್ಸಿನ ಮಾತು ಸರಳ. ಶುರುವಿಗೆ ಒಂದು 50 ಎಂಎಂ ಸಾಕು, ಎಫ್1.8 ಅಥವಾ ಎಫ್2. ಅದು ನಾಳೆ ಹಾಳಾದರೆ ಇನ್ನೊಂದು ಸುಲಭವಾಗಿ ಸಿಗುತ್ತದೆಯೇ ಎನ್ನುವುದೇ ಪ್ರಶ್ನೆ.

ಗಾತ್ರದ ಕತೆ 1972ಕ್ಕೆ ಹೋಗುತ್ತದೆ. ಎಸ್‌ಎಲ್‌ಆರ್ ಎಂದರೆ ಭಾರದ ಇಟ್ಟಿಗೆ ಎಂಬಂತಿದ್ದ ಕಾಲದಲ್ಲಿ ಒಲಿಂಪಸ್ಸಿನ ಯೋಶಿಹಿಸಾ ಮೈತಾನಿ ಅರ್ಧ ಕಿಲೋ ತೂಕದ ಒಂದು ಯಂತ್ರವನ್ನು ರೂಪಿಸಿದರು. ಎಂ-1 ಎಂದು ಹೊರಬಂದ ಅದು ಜರ್ಮನಿಯ ಲೈಕಾ ಕಂಪನಿಯವರ ಆಕ್ಷೇಪದ ಮೇಲೆ ಒಎಂ-1 ಆಯಿತು. ಆಮೇಲೆ ಉಳಿದ ಕಂಪನಿಗಳೂ ಚಿಕ್ಕದು ಮಾಡುವ ಹಾದಿ ಹಿಡಿದವು. ಕೆಳಗೆ ಹೇಳುವ ಕ್ಯಾಮರಾಗಳಲ್ಲಿ ಹೆಚ್ಚಿನವು ಲೆನ್ಸಿಲ್ಲದೆ 420ರಿಂದ 600 ಗ್ರಾಮಿನೊಳಗೆ ಬರುತ್ತವೆ. ಕೈಗೆ ತಿಳಿಯುವಷ್ಟು ವ್ಯತ್ಯಾಸ ಇದೆ, ಆದರೆ ಅದೊಂದನ್ನೇ ನೋಡಿ ಆರಿಸುವಷ್ಟು ದೊಡ್ಡದಲ್ಲ.

ನಿಕಾನ್ ಬಳಗ

ಕಾಸರಗೋಡಿನಲ್ಲಿ ಕುಳಿತವರಿಗೆ ನಾನು ಮೊದಲು ಹೇಳುವ ಹೆಸರು ನಿಕಾನ್ ಎಫ್‌ಎಂ10. ಇದನ್ನು ಪ್ಲಾಸ್ಟಿಕ್ ಮೈಯೆಂದು, ನಿಕಾನ್ ಹೆಸರಿನಲ್ಲಿ ಕೊಸೀನಾ ಕಂಪನಿ ಮಾಡಿಕೊಟ್ಟದ್ದೆಂದು ತಾತ್ಸಾರ ಮಾಡುವವರುಂಟು. ಎರಡೂ ನಿಜ. ಆದರೆ ಬಂದದ್ದು 1995ರಲ್ಲಿ, ಅಂದರೆ ಉಳಿದ ಹೆಚ್ಚಿನ ಸ್ಪರ್ಧಿಗಳಿಗಿಂತ ಹದಿನೈದು ಇಪ್ಪತ್ತು ವರ್ಷ ಕಿರಿಯ. ಅಷ್ಟು ಮಳೆಗಾಲ ಕಡಿಮೆ ಕಂಡಿದೆ. ತೂಕ 420 ಗ್ರಾಮಿನಷ್ಟು. ಶಟರು ಯಾಂತ್ರಿಕ, ಪರದೆ ಲೋಹದ್ದು, ವೇಗ ಒಂದು ಸೆಕೆಂಡಿನಿಂದ 1/2000ದವರೆಗೆ. ಬ್ಯಾಟರಿ ಸತ್ತರೆ ಮೀಟರು ಮಾತ್ರ ನಿಲ್ಲುತ್ತದೆ, ಚಿತ್ರ ನಿಲ್ಲುವುದಿಲ್ಲ. ವೇಗವನ್ನೂ ಅಪರ್ಚರನ್ನೂ ನೀವೇ ತಿರುಗಿಸಬೇಕು, ಕಲಿಯುವವರಿಗೆ ಅದೇ ಪಾಠ.

ದೊಡ್ಡ ಅನುಕೂಲ ಲೆನ್ಸಿನದು. ನಮ್ಮ ಮದುವೆ ಫೋಟೋಗ್ರಾಫರುಗಳ ಬ್ಯಾಗಿನಲ್ಲಿ ಬಹುಕಾಲ ಇದ್ದ ನಿಕಾನ್ 50 ಎಂಎಂ ಎಫ್1.8ಡಿ ಲೆನ್ಸು ಇದಕ್ಕೆ ಹಾಗೆಯೇ ಕೂರುತ್ತದೆ, ಏಕೆಂದರೆ ಅದಕ್ಕೆ ಅಪರ್ಚರ್ ಬಳೆ ಇದೆ. ‘ಜಿ’ ಎಂಬ ಅಕ್ಷರವಿರುವ ಹೊಸ ಲೆನ್ಸುಗಳಿಗೆ ಆ ಬಳೆ ಇಲ್ಲ. ಅವನ್ನು ಹಾಕಿದರೆ ಅಪರ್ಚರ್ ಪೂರ್ತಿ ಮುಚ್ಚಿದ ಸ್ಥಿತಿಯಲ್ಲೇ ಇರುತ್ತದೆ. ಎಫ್‌ಎಂ10ರ ಜೊತೆ ಬರುವ 35-70 ಜೂಮು ಬಿಸಿಲಿಗೆ ಸಾಕು, ಆಟಕ್ಕೆ ಸಾಲದು.

ಕೈಯಲ್ಲಿ ಗಟ್ಟಿ ಲೋಹ ಬೇಕೆನ್ನುವವರಿಗೆ 1977ರ ಎಫ್‌ಎಂ ಇದೆ. 1982ರ ಎಫ್‌ಎಂ2 1/4000ದವರೆಗೆ ಹೋಗುತ್ತದೆ. ಬೆಲೆಯೂ ಅಷ್ಟೇ ಮೇಲಕ್ಕೆ ಹೋಗುತ್ತದೆ, ಹೊಸಬರಿಗೆ ಆ ವೇಗದಿಂದ ಬರುವ ಲಾಭ ಅಲ್ಪ. ಎಫ್‌ಇ ನನಗೆ ಬಹಳ ಇಷ್ಟದ್ದು. ಒಳಗೆ ಸೂಜಿಯ ಮೀಟರು, ಬೇಕಾದಾಗ ಸ್ವಯಂಚಾಲಿತ, ಬೇಡವಾದಾಗ ಪೂರ್ತಿ ನಿಮ್ಮ ಕೈಯಲ್ಲಿ. ಸೆಲ್ಫ್ ಟೈಮರಿನ ಸನ್ನೆಯನ್ನು ಲೆನ್ಸಿನ ಕಡೆ ಒತ್ತಿ ಹಿಡಿದರೆ ಮೀಟರಿನ ಲೆಕ್ಕ ಅಲ್ಲೇ ನಿಲ್ಲುತ್ತದೆ. ವೇಷಧಾರಿಯ ಮುಖದ ಹತ್ತಿರದಿಂದ ಲೆಕ್ಕ ತೆಗೆದು ಹಾಗೇ ಹಿಡಿದಿಟ್ಟುಕೊಳ್ಳಬಹುದು. ಇಎಂ ಅಗ್ಗ, ಪುಟ್ಟದು, ತಿರುಗಾಟಕ್ಕೆ ಹಗುರ. ಆದರೆ ವೇಗ ಆರಿಸುವುದು ಅದೇ, ನೀವಲ್ಲ. ಅದರಲ್ಲಿರುವ ತಿದ್ದುಪಡಿಯ ಗುಂಡಿ ಬೆಳಕನ್ನು ಎರಡು ಸ್ಟಾಪ್ ಹೆಚ್ಚಿಸುತ್ತದೆ. ಆಟದಲ್ಲಿ ನಮಗೆ ಬೇಕಾದದ್ದು ಕಡಿಮೆ ಮಾಡುವುದು. ಐಎಸ್‌ಒ ಬಿಲ್ಲೆ ತಿರುಗಿಸಿ ಮೀಟರನ್ನು ಮೋಸಗೊಳಿಸಬಹುದು, ಆದರೆ ಕತ್ತಲಲ್ಲಿ ಪ್ರತಿ ಚಿತ್ರಕ್ಕೂ ಅದು ಪೇಚಾಟ.

ಪೆಂಟಾಕ್ಸ್

ಪೆಂಟಾಕ್ಸಿನ ಕೆ1000 ಅನ್ನು ಕಲಿಯುವವರ ಕ್ಯಾಮರಾ ಎಂದು ಜಗತ್ತೆಲ್ಲ ಹೇಳುತ್ತದೆ. 1976ರಿಂದ 1997ರವರೆಗೆ ತಯಾರಾಯಿತು. ಒಳ್ಳೆಯದೇ, ಆದರೆ 600 ಗ್ರಾಮಿಗೆ ಮೀರಿದ್ದು, ಚಿಕ್ಕದೆನ್ನಲಾಗದು. ಮೀಟರಿಗೆ ಬೇರೆ ಸ್ವಿಚ್ಚಿಲ್ಲ. ಲೆನ್ಸಿನ ಮುಚ್ಚಳ ಹಾಕದೆ ಇಟ್ಟರೆ ಬ್ಯಾಟರಿ ಸುಮ್ಮನೆ ಸವೆಯುತ್ತದೆ. ಅದೇ ಯಾಂತ್ರಿಕ ಗುಣವನ್ನು ನಿಜವಾಗಿ ಪುಟ್ಟ ಮೈಯಲ್ಲಿ ಕೊಡುವುದು ಎಂಎಕ್ಸ್. ಅದರ ಕಿಂಡಿಯಲ್ಲಿ ಕಣ್ಣಿಟ್ಟವರು ಮರೆಯುವುದಿಲ್ಲ, ಚಿತ್ರ ಅಷ್ಟು ದೊಡ್ಡದಾಗಿ ಕಾಣುತ್ತದೆ. ಕತ್ತಲಲ್ಲಿ ಫೋಕಸ್ ಮಾಡಲು ಇದು ವರ. ಮೀಟರು ಕೆಂಪು, ಹಳದಿ, ಹಸಿರು ದೀಪಗಳಲ್ಲಿ ತೋರಿಸುವುದರಿಂದ ರಾತ್ರಿಯೂ ಓದಲಾಗುತ್ತದೆ. ಕನ್ನಡಕ ಹಾಕುವವರಿಗೆ ಮಾತ್ರ ಅಷ್ಟು ದೊಡ್ಡ ಚಿತ್ರದ ಮೂಲೆಗಳು ಒಂದೇ ನೋಟಕ್ಕೆ ಸಿಗವು. ಕೊಳ್ಳುವ ಮೊದಲು ಕಣ್ಣಿಟ್ಟು ನೋಡಿ.

ಎಂಇ ಸೂಪರ್ ಇನ್ನೂ ಹಗುರ, 445 ಗ್ರಾಮಿನ ಸುಮಾರು. ಪರದೆ ಲೋಹದ್ದು, 1/2000ದವರೆಗೆ ವೇಗ. ಸ್ವಯಂಚಾಲಿತವಾಗಿಯೂ ನಡೆಯುತ್ತದೆ, ಎರಡು ಗುಂಡಿ ಒತ್ತಿ ವೇಗವನ್ನು ನೀವೇ ಇಡಲೂಬಹುದು. ಬ್ಯಾಟರಿ ಇಲ್ಲದಿದ್ದರೆ 1/125 ಮತ್ತು ‘ಬಿ’ ಮಾತ್ರ ಉಳಿಯುತ್ತವೆ. ಒಳಗಿನ ರಬ್ಬರು ಕರಗಿ ಕನ್ನಡಿ ಮೇಲೆ ಹೋದಲ್ಲೇ ಸಿಕ್ಕಿಕೊಳ್ಳುವುದು ಇದರ ತಿಳಿದಿರುವ ಕಾಯಿಲೆ, ಆದ್ದರಿಂದ ಕೈಗೆ ಸಿಕ್ಕಿದೊಡನೆ ಮತ್ತೆ ಮತ್ತೆ ಒತ್ತಿ ನೋಡಿ. ಬಜೆಟ್ ಮಧ್ಯಮ, ತಿರುಗಾಟ ಹೆಚ್ಚು, ಅಪರೂಪಕ್ಕೆ ಆಟ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ರಾಜಿ ನನಗೆ ಕಾಣುವುದಿಲ್ಲ. ಎಂಎಕ್ಸ್, ಎಂಇ ಸೂಪರ್ ಎರಡಕ್ಕೂ ಪೆಂಟಾಕ್ಸ್-ಎಂ 50 ಎಂಎಂ ಎಫ್1.7 ಸೊಗಸಾದ ಜೋಡಿ. ಕೊರತೆ ಒಂದೇ: ನಮ್ಮೂರುಗಳಲ್ಲಿ ಪೆಂಟಾಕ್ಸ್ ಇಟ್ಟುಕೊಂಡವರು ಕಡಿಮೆ, ಲೆನ್ಸು ಕಡ ಸಿಗುವುದಿಲ್ಲ.

ಒಲಿಂಪಸ್, ಯಾಶಿಕಾ ಮತ್ತು ಉಳಿದವು

ಒಎಂ-1ರ ಶಟರಿನ ಸದ್ದು ಮೆತ್ತಗೆ. ಕೋಲ ನಡೆಯುವ ಅಂಗಳದಲ್ಲಿ, ದೈವದ ನುಡಿ ನಡೆಯುತ್ತಿರುವಾಗ, ಫ್ಲ್ಯಾಶ್ ಇಲ್ಲದೆ, ಯಾರ ಭಕ್ತಿಗೂ ಅಡ್ಡಿಯಾಗದೆ ಚಿತ್ರ ತೆಗೆಯಬೇಕಾದವರಿಗೆ ಆ ಮೆದುತನ ದೊಡ್ಡ ಬೆಲೆಯದು. ಅದಕ್ಕೂ ಮೊದಲು ಮನೆಯವರ, ಗುತ್ತಿನ ಮನೆತನದವರ ಅನುಮತಿ ಬೇಕು, ಅದನ್ನು ಯಾವ ಕ್ಯಾಮರಾವೂ ಕೊಡಿಸದು. ವೇಗದ ಬಳೆ ಲೆನ್ಸಿನ ಬುಡದಲ್ಲೇ ಇರುವುದರಿಂದ ಕಣ್ಣು ತೆಗೆಯದೆ ಎಲ್ಲವನ್ನೂ ಎಡಗೈಯಲ್ಲೇ ಬದಲಿಸಬಹುದು. ಬ್ಯಾಟರಿಯ ತೊಡಕನ್ನು ಆಗಲೇ ಹೇಳಿದೆ. ಇನ್ನೊಂದು ತೊಡಕು ಕಿಂಡಿಗೆ ಚಿತ್ರ ತೋರಿಸುವ ಗಾಜಿನ ಪ್ರಿಸಂ ಸುತ್ತಲಿನ ಫೋಮ್. ಅದು ಕರಗಿ ಪ್ರಿಸಂನ ಬೆಳ್ಳಿಯನ್ನು ತಿನ್ನುತ್ತದೆ, ಕಿಂಡಿಯಲ್ಲಿ ಕಪ್ಪು ಕಲೆ ಕಾಣಿಸುತ್ತದೆ. ಒಎಂ-10 ಅಗ್ಗದ್ದು, ಸ್ವಯಂಚಾಲಿತ. ವೇಗವನ್ನು ಕೈಯಿಂದ ಇಡಲು ‘ಮ್ಯಾನ್ಯುಯಲ್ ಅಡಾಪ್ಟರ್’ ಎಂಬ ಪುಟ್ಟ ತುಣುಕು ಬೇರೆಯಾಗಿ ಬೇಕು. ಅದು ಜೊತೆಗಿದ್ದರೆ ಮಾತ್ರ ಕೊಳ್ಳಿ.

ಯಾಶಿಕಾ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವ ಎಂಎಫ್-2 ಎಸ್‌ಎಲ್‌ಆರ್ ಅಲ್ಲ, ಫೋಕಸ್ ಮಾಡುವ ಕೆಲಸವೇ ಅದರಲ್ಲಿಲ್ಲ. ನಾನು ಹೇಳುವುದು ಎಫ್‌ಎಕ್ಸ್-3ರ ಬಗ್ಗೆ. 1979ರದ್ದು, ಪೂರ್ತಿ ಯಾಂತ್ರಿಕ, ಲೋಹದ ಪರದೆ, ಹಗುರ. ಮೇಲಿನ ಕಪ್ಪು ಹೊದಿಕೆ ಉದುರಿ ಹೋಗಿರುತ್ತದೆ. ನೋಡಲು ಅಸಹ್ಯ, ಚಿತ್ರಕ್ಕೇನೂ ತೊಂದರೆಯಿಲ್ಲ. ಆ ಅಸಹ್ಯವನ್ನೇ ತೋರಿಸಿ ಚೌಕಾಶಿ ಮಾಡಬಹುದು. ಕಡಿಮೆ ದುಡ್ಡಿನಲ್ಲಿ ಆಟದ ಚಿತ್ರ ಕಲಿಯಬೇಕೆಂಬ ವಿದ್ಯಾರ್ಥಿಗೆ ನನ್ನ ಮೊದಲ ಸಲಹೆ ಇದು.

ಕ್ಯಾನನ್ ಎಇ-1 ಬಲು ಹೆಸರಾದದ್ದು, ಆ ಹೆಸರಿಗೇ ಈಗ ದುಡ್ಡು ಕೊಡಬೇಕಾಗಿದೆ. ಬ್ಯಾಟರಿ ಇಲ್ಲದೆ ಮೈಯೇ ಸತ್ತಂತೆ. 1987ರಲ್ಲಿ ಕ್ಯಾನನ್ ಲೆನ್ಸಿನ ಕಟ್ಟನ್ನೇ ಬದಲಿಸಿದ್ದರಿಂದ ಇಂದಿನ ಕ್ಯಾನನ್ ಲೆನ್ಸುಗಳು ಇದಕ್ಕೆ ಕೂರವು. ಒತ್ತಿದಾಗ ಕೀರಲು ಸದ್ದು ಬಂದರೆ ಒಳಗಿನ ಎಣ್ಣೆ ಒಣಗಿದೆ ಎಂದರ್ಥ. ಮಿನೋಲ್ಟಾ ಎಕ್ಸ್-700 ಬಳಸಲು ಬಹಳ ಹಿತ, ಆದರೆ ಅದರ ಕೆಪಾಸಿಟರ್ ಕೈಕೊಟ್ಟರೆ ಎಲೆಕ್ಟ್ರಾನಿಕ್ಸ್ ಬಲ್ಲ ಕೈ ಬೇಕು. ಮನೆಯ ಕಪಾಟಿನಲ್ಲಿ ಪುಕ್ಕಟೆ ಸಿಕ್ಕರೆ ಎರಡನ್ನೂ ಸಂತೋಷದಿಂದ ಬಳಸಿ. ದುಡ್ಡು ಕೊಟ್ಟು ಹುಡುಕಬೇಡಿ.

ಮೂರನೆಯ ಬಗೆಯವರಿಗೆ, ಮನೆಯಲ್ಲಿ ಆಗಲೇ ಡಿಎಸ್‌ಎಲ್‌ಆರ್ ಇದ್ದವರಿಗೆ, ಯಾರೂ ಹೇಳದ ಅಗ್ಗದ ದಾರಿಯೊಂದಿದೆ. 1999ರ ಕ್ಯಾನನ್ ಇಒಎಸ್ 300, 2003ರ ನಿಕಾನ್ ಎಫ್75 ಇಂಥವು ಆಟೋಫೋಕಸ್ ಇರುವ ಪ್ಲಾಸ್ಟಿಕ್ ಮೈಯ ಕ್ಯಾಮರಾಗಳು, 400 ಗ್ರಾಮಿಗೂ ಕಡಿಮೆ ತೂಕ. ನಿಮ್ಮ ಕ್ಯಾನನ್ ಇಎಫ್ 50 ಎಂಎಂ ಇಒಎಸ್ 300ಕ್ಕೆ ನೇರ ಕೂರುತ್ತದೆ. ಇಎಫ್-ಎಸ್ ಎಂದು ಬರೆದವು ಮಾತ್ರ ಕೂರುವುದಿಲ್ಲ. ಸಿಆರ್2 ಬ್ಯಾಟರಿ ಎರಡು ಬೇಕು, ಅದು ಊರಲ್ಲಿ ಸಿಗದು, ತರಿಸಿ ಇಟ್ಟುಕೊಳ್ಳಿ. ಚೆಲುವು ಇಲ್ಲ, ಓಡುವ ಮಕ್ಕಳ ಚಿತ್ರಕ್ಕೆ ಇವನ್ನು ಮೀರಿಸುವುದೂ ಇಲ್ಲ.

ದುಡ್ಡಿನ ಲೆಕ್ಕ

ಕ್ಯಾಮರಾದ ಬೆಲೆ ಒಮ್ಮೆ ಕೊಡುವುದು, ರೋಲಿನ ಬೆಲೆ ಪ್ರತಿಸಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಫಿಲ್ಮ್ ಮಾಡುತ್ತಿದ್ದ ಕಾಲ ಮುಗಿದಿದೆ, ಈಗ ಫಿಲ್ಮ್ ಹೊರದೇಶಗಳಿಂದ ಬರಬೇಕು. ರೋಲು, ತೊಳೆಸುವುದು, ಸ್ಕ್ಯಾನ್, ಕೊರಿಯರ್ ಸೇರಿ ಒಂದೂವರೆ ಸಾವಿರ ಎಂದು ಹಿಡಿದರೂ ಒಂದು ಚಿತ್ರಕ್ಕೆ ನಲವತ್ತು ರೂಪಾಯಿ ದಾಟುತ್ತದೆ. ಹಾಗಾಗಿ ಕೈಯಲ್ಲಿ ಹದಿನೈದು ಸಾವಿರ ಇದ್ದರೆ ಎಂಟೊಂಬತ್ತು ಸಾವಿರದೊಳಗೆ ಕ್ಯಾಮರಾ ಮತ್ತು ಲೆನ್ಸು ಮುಗಿಸಿ. ಒಂದು ಸಾವಿರವನ್ನು ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಮತ್ತು ತೇವ ಅಳೆಯುವ ಪುಟ್ಟ ಮೀಟರಿಗೆ ಎತ್ತಿಡಿ, ಡಬ್ಬಿಯೊಳಗೆ 40ರಿಂದ 50 ಶೇಕಡಾ ತೇವ ಇರಲಿ. ಉಳಿದದ್ದು ರೋಲಿಗೆ. ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯಲು ಕಲಿತರೆ ಖರ್ಚು ಇಳಿಯುತ್ತದೆ. ಆದರೆ ಡೆವಲಪರಿಗೆ 20 ಡಿಗ್ರಿ ಬೇಕು, ನಮ್ಮ ಬೇಸಗೆಯ ನಲ್ಲಿನೀರು ಅದಕ್ಕಿಂತ ಬಹಳ ಬಿಸಿ, ಐಸ್ ನೀರಿನ ಬೋಗುಣಿಯಲ್ಲಿಟ್ಟು ತಣಿಸಬೇಕು.

ಗಲ್ಫಿನಲ್ಲಿರುವ ಬಂಧುಗಳಿಂದ ತರಿಸುವವರು ಗಮನಿಸಿ: ಕ್ಯಾಮರಾ ಬರಲಿ, ಫಿಲ್ಮಿನ ವಿಷಯದಲ್ಲಿ ಎಚ್ಚರ. ಚೆಕ್-ಇನ್ ಲಗೇಜಿನ ಎಕ್ಸ್‌ರೇ ಮತ್ತು ಹೊಸ ಸಿಟಿ ಸ್ಕ್ಯಾನರುಗಳು ತೊಳೆಯದ ಫಿಲ್ಮನ್ನು ಮಂಕು ಮಾಡುತ್ತವೆ. ಕೈಚೀಲದಲ್ಲಿಟ್ಟು, ಕೈಯಿಂದಲೇ ತಪಾಸಣೆ ಮಾಡಿ ಎಂದು ವಿನಂತಿಸಲು ಹೇಳಿ.

ಕೈಗೆ ಬಂದಾಗ

ಲೆನ್ಸು ಕಳಚಿ ಅಪರ್ಚರ್ ಪೂರ್ತಿ ತೆರೆದು ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಡಿ, ಎಳೆಗಳಿದ್ದರೆ ಕಾಣುತ್ತವೆ. ಹಿಂಬಾಗಿಲು ತೆರೆದು ಒಂದೊಂದೇ ವೇಗದಲ್ಲಿ ಒತ್ತಿ. ಒಂದು ಸೆಕೆಂಡು ಒಂದು ಸೆಕೆಂಡಿನಂತೆ ಕೇಳಬೇಕು. 1/1000ದಲ್ಲಿ ಬಿಳಿಗೋಡೆಯ ಕಡೆ ಹಿಡಿದರೆ ಚೌಕಟ್ಟಿನ ಉದ್ದಕ್ಕೂ ಬೆಳಕು ಮಿಂಚಬೇಕು. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇದ್ದರೆ ಬೆಲೆ ಇಳಿಸಿ, ಇಲ್ಲವೇ ಬಿಡಿ.

ಮಾರಿದವರು ವಾಪಸಿಗೆ ವಾರ ಹತ್ತು ದಿನ ಕೊಟ್ಟರೆ ಮೊದಲ ರೋಲನ್ನು ಅಷ್ಟರೊಳಗೆ ಮುಗಿಸಿ ತೊಳೆಸಿ. ಸಾಧ್ಯವಾದಷ್ಟು ಅಗ್ಗದ ರೋಲು ಹಾಕಿ. ಫ್ರಿಜ್ಜಿನಿಂದ ತೆಗೆದ ರೋಲಾದರೆ ಡಬ್ಬಿ ತೆರೆಯದೆ ಒಂದೆರಡು ಗಂಟೆ ಹೊರಗಿಟ್ಟು ಆಮೇಲೆ ಹಾಕಿ, ಇಲ್ಲವಾದರೆ ನಮ್ಮ ಹವೆಯಲ್ಲಿ ಫಿಲ್ಮಿನ ಮೇಲೆ ನೀರು ಕೂರುತ್ತದೆ. ಒಂದೇ ಗೋಡೆಯನ್ನು, ವೇಗಕ್ಕೆ ತಕ್ಕಂತೆ ಅಪರ್ಚರ್ ಬದಲಿಸುತ್ತಾ ಎಲ್ಲ ವೇಗಗಳಲ್ಲಿ ತೆಗೆಯಿರಿ. ನೆಗೆಟಿವಿನ ಕಪ್ಪು ಎಲ್ಲದರಲ್ಲೂ ಸಮನಾಗಿರಬೇಕು. ಬಹುದೂರದ ಗುಡ್ಡವೊಂದನ್ನು ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ, ಫೋಕಸ್ ಸರಿಯಿದೆಯೇ ತಿಳಿಯುತ್ತದೆ. ಸೂರ್ಯನಿಗೆ ಎದುರಾಗಿ ಒಂದು, ಲೆನ್ಸಿನ ಮಬ್ಬು ಗೊತ್ತಾಗಲು. ನಡುವೆ ಒಮ್ಮೆ ಕ್ಯಾಮರಾವನ್ನು ಅಂಗಳದ ಬಿಸಿಲಿನಲ್ಲಿ ಐದು ನಿಮಿಷ ಇಟ್ಟು ಮುಂದಿನ ಚಿತ್ರ ತೆಗೆಯಿರಿ. ಆ ಚಿತ್ರದ ಅಂಚಿನಲ್ಲಿ ಕಿತ್ತಳೆ ಗೆರೆ ಬಂದರೆ ಹಿಂಬಾಗಿಲಿನ ಫೋಮ್ ಬದಲಿಸಬೇಕು, ವೇಗಗಳಲ್ಲಿ ಏರುಪೇರು ಬಂದರೆ ಕ್ಯಾಮರಾವನ್ನೇ ವಾಪಸು ಕಳಿಸಬೇಕು.